ಗ್ಯಾರೇಜಿನ ಬಾಗಿಲು ತೆರೆದಿಟ್ಟರೂ ಚಕ್ರಗಳಿಗೆ ಬೂಷ್ಟು ಹಿಡಿಯುವುದು ಯಾಕೆ?

ಪ್ರಶ್ನೆ: ಚಳಿಗಾಲದಲ್ಲಿ ಮಾತ್ರ ಕಾರಿಗೆ ಹಾಕುವ ನಾಲ್ಕು ಚಕ್ರಗಳನ್ನು ಗ್ಯಾರೇಜಿನ ಮೂಲೆಯಲ್ಲಿ ಪೇರಿಸಿಟ್ಟಿದ್ದೇನೆ. ತೇವ ಹೋಗಲಿ ಎಂದು ಬೇಸಿಗೆಯಿಡೀ ಹಗಲು ಹೊತ್ತು ಬಾಗಿಲು ತೆರೆದೇ ಇಟ್ಟಿರುತ್ತೇನೆ. ಆದರೂ ಟೈರಿನ ಮೇಲೆ ಬಿಳಿ ಬೂಷ್ಟು, ಗೋಡೆಯ ಬುಡದಲ್ಲಿ ಕಪ್ಪು ಕಲೆ. ಇನ್ನೇನು ಮಾಡಲಿ?

ಉತ್ತರ: ಬಾಗಿಲು ಮುಚ್ಚಿ. ಬೇಸಿಗೆಯಲ್ಲಿ ನಿಮ್ಮ ಗ್ಯಾರೇಜಿಗೆ ನೀರು ಬರುತ್ತಿರುವುದು ಆ ಬಾಗಿಲಿನಿಂದಲೇ.

ಚಕ್ರ ಬದಲಿಸುವ ಹೊತ್ತು ಬಂತೆಂದರೆ ಇದೇ ಪ್ರಶ್ನೆ, ಮಾತು ಮಾತ್ರ ಬೇರೆ. ಅದರೊಳಗೆ ಕೂತಿರುವ ನಂಬಿಕೆಯೂ ಒಂದೇ: ಗಾಳಿಯಾಡಿದರೆ ತೇವ ಹೋಗುತ್ತದೆ. ಒಗೆದ ಬಟ್ಟೆ ಒಣಗುವುದನ್ನು ನೋಡಿ ಹುಟ್ಟಿದ ನಂಬಿಕೆ ಅದು. ಬಟ್ಟೆಯ ಮಟ್ಟಿಗೆ ಸರಿ. ತಣ್ಣಗೆ ಕೂತ ಕಾಂಕ್ರೀಟ್ ಕೋಣೆಯ ಮಟ್ಟಿಗೆ ತಪ್ಪು. ಎಷ್ಟು ಸಲ ಹೇಳಿದರೂ ಇದು ಮತ್ತೆ ತಲೆಯೆತ್ತುವುದರಿಂದ ಈ ಬಾರಿ ಲೆಕ್ಕ ಹಾಕಿಯೇ ತೋರಿಸುತ್ತೇನೆ. ದಯವಿಟ್ಟು ಲೆಕ್ಕ ಬಂತೆಂದು ಕೆಳಗೆ ಜಾರಬೇಡಿ, ಇಡೀ ಉತ್ತರ ಇರುವುದು ಅದರಲ್ಲೇ.

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿ ಹೊರುತ್ತದೆ. ಹೊರಗೆ 26 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 60 ಎಂದಿಟ್ಟುಕೊಳ್ಳಿ. ಯಾರಿಗೂ ಅದು ಥಂಡಿ ಅನ್ನಿಸದು, ಹಿತವಾದ ದಿನ. ಆ ಗಾಳಿಯ ಒಂದೊಂದು ಘನ ಮೀಟರಿನಲ್ಲೂ ಸುಮಾರು 14.5 ಗ್ರಾಂ ನೀರಿದೆ. ಗ್ಯಾರೇಜಿನ ನೆಲಕ್ಕೆ ಇನ್ನೂ ಚಳಿಗಾಲದ ತಂಪು ಬಿಟ್ಟಿಲ್ಲ, 14 ಡಿಗ್ರಿಯಲ್ಲಿದೆ. 14 ಡಿಗ್ರಿಯ ಗಾಳಿ ಹೊರಬಲ್ಲದ್ದು ಘನ ಮೀಟರಿಗೆ ಸುಮಾರು 12 ಗ್ರಾಂ ಮಾತ್ರ. ಮಿಕ್ಕ ಎರಡೂವರೆ ಗ್ರಾಂ ನೆಲದ ಮೇಲೆ, ಗೋಡೆಯ ಬುಡದಲ್ಲಿ, ತಣ್ಣಗಿರುವ ರಿಮ್ಮಿನ ಮೇಲೆ ಇಳಿಯುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ನೋಡಿದ್ದೇವೆ. ಬೇಸಿಗೆಯ ಗ್ಯಾರೇಜು ಅಂಥದೇ ಒಂದು ಲೋಟ, ಬೆವರುವುದು ಮಾತ್ರ ಒಳಮೈ.

ಒಂದು ಕಾರು ನಿಲ್ಲುವ ಗ್ಯಾರೇಜು 3 ಮೀಟರ್ ಅಗಲ, 6 ಮೀಟರ್ ಉದ್ದ, 2.4 ಮೀಟರ್ ಎತ್ತರವಿದ್ದರೆ ಅದರಲ್ಲಿ 43 ಘನ ಮೀಟರ್ ಗಾಳಿ. ಒಮ್ಮೆ ತುಂಬಿಕೊಂಡ ಗಾಳಿಯಷ್ಟೂ ನೆಲದ ತಂಪಿಗಿಳಿದರೆ 100 ಗ್ರಾಮಿನಷ್ಟು ನೀರು. ಎಲ್ಲ ಗಾಳಿಯೂ ನೆಲಕ್ಕೆ ತಾಗುವುದಿಲ್ಲ, ನಿಜ. ಆದರೆ ಬೆಳಗಿನಿಂದ ಸಂಜೆವರೆಗೆ ತೆರೆದ ಬಾಗಿಲಲ್ಲಿ ಗಾಳಿ ಹತ್ತಾರು ಸಲ ಬದಲಾಗುತ್ತದೆ, ಬಂದ ಪ್ರತಿ ಸಲವೂ ಸ್ವಲ್ಪ ಇಳಿಸಿ ಹೋಗುತ್ತದೆ.

‘ನಮ್ಮಲ್ಲಿ ನೆಲದ ಮೇಲೆ ಹನಿಯೇ ಇಲ್ಲ’ ಎನ್ನುವವರಿಗೆ: ಬೂಷ್ಟಿಗೆ ಹನಿ ಬೇಕಿಲ್ಲ. ಮೇಲ್ಮೈಗೆ ತಾಗಿದ ಗಾಳಿಯ ತೇವಾಂಶ ಶೇ 80 ದಾಟಿ ಕೆಲವು ದಿನ ನಿಂತರೆ ಅದಕ್ಕೆ ಧಾರಾಳವಾಯಿತು. 26 ಡಿಗ್ರಿ, ಶೇ 45ರ ಒಣ ದಿನದ ಗಾಳಿ ಕೂಡ 14 ಡಿಗ್ರಿಯ ನೆಲಕ್ಕೆ ಬಂದು ಕೂತರೆ ಅಲ್ಲಿ ಶೇ 90 ದಾಟುತ್ತದೆ. ‘ಮುಚ್ಚಿದರೆ ಮುಗ್ಗಲು ವಾಸನೆ, ತೆರೆದರೆ ಇಲ್ಲ’ ಎನ್ನುವವರಿಗೆ: ವಾಸನೆ ಹೊರಗೆ ಹೋಯಿತು, ನೀರು ಒಳಗೆ ಬಂತು. ಮೂಗು ತೇವ ಅಳೆಯುವ ಉಪಕರಣವಲ್ಲ.

ಈಗ ತಿರುಗಿಸಿ ನೋಡಿ. ಹೊರಗೆ 2 ಡಿಗ್ರಿ, ಮಂಜು ಕವಿದಿದೆ, ತೇವಾಂಶ ಶೇ 90. ‘ಇಂಥ ದಿನ ಬಾಗಿಲು ತೆರೆಯುವುದೇ?’ ಅನ್ನಿಸುತ್ತದೆ. ಆ ಗಾಳಿಯಲ್ಲಿ ಇರುವುದು ಘನ ಮೀಟರಿಗೆ 5 ಗ್ರಾಂ ನೀರು ಅಷ್ಟೇ. 8 ಡಿಗ್ರಿಯ ಗ್ಯಾರೇಜಿಗೆ ಬಂದು ಬೆಚ್ಚಗಾದ ಮೇಲೆ ಅದರ ತೇವಾಂಶ ಶೇ 60ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಗ್ಯಾರೇಜು ನಿಜವಾಗಿ ಒಣಗುವುದು ಚಳಿಯ ದಿನ ಬಾಗಿಲು ತೆರೆದಾಗ. ಜನ ಮಾಡುವುದು ಸರಿಯಾಗಿ ಇದರ ಉಲ್ಟಾ.

ನೋಡಬೇಕಾದ ಸಂಖ್ಯೆ ಇಬ್ಬನಿ ಬಿಂದು, ಅಂದರೆ ಗಾಳಿ ಯಾವ ಉಷ್ಣಾಂಶಕ್ಕೆ ತಣಿದರೆ ನೀರು ಬಿಡತೊಡಗುತ್ತದೋ ಅದು. ಫೋನಿನ ಹವಾಮಾನ ಆ್ಯಪ್‌ಗಳಲ್ಲಿ ಬಹುಪಾಲು ಅದು ಇರುತ್ತದೆ, ಶೇಕಡಾ ತೇವಾಂಶದ ಪಕ್ಕದಲ್ಲಿ. ಗ್ಯಾರೇಜಿನ ನೆಲದ ಮೇಲೆ, ಗೋಡೆಗೆ ಹತ್ತಿರ, ಒಂದು ಥರ್ಮಾಮೀಟರನ್ನು ರಾತ್ರಿಯಿಡೀ ಬಿಡಿ. ಹೊರಗಿನ ಇಬ್ಬನಿ ಬಿಂದು ಆ ನೆಲದ ಉಷ್ಣಾಂಶಕ್ಕಿಂತ ಕನಿಷ್ಠ 5 ಡಿಗ್ರಿ ಕೆಳಗಿದ್ದರೆ ಎದುರುಬದುರಿನ ಎರಡು ಕಿಂಡಿ ತೆರೆದು 20 ನಿಮಿಷ ಗಾಳಿ ಹಾಯಿಸಿ. ಇಲ್ಲವಾದರೆ ಮುಚ್ಚಿಡಿ. ಬೇಸಿಗೆಯಲ್ಲಿ ಇದಕ್ಕೆ ಸಿಗುವುದು ಹೆಚ್ಚಾಗಿ ಬೆಳಗಿನ ಜಾವ, ಅದೂ ಎಲ್ಲ ದಿನವಲ್ಲ. ಫ್ಯಾನು ನೀರಿನ ಜಾಗ ಬದಲಿಸುತ್ತದೆ, ಹೊರಗೆ ಹಾಕುವುದಿಲ್ಲ.

ಬಾಗಿಲು ಮುಚ್ಚಿ ಎರಡು ವಾರವಾದರೂ ನೆಲ ಕಪ್ಪಾಗಿಯೇ ಇದ್ದರೆ ನೀರು ಕೆಳಗಿನಿಂದ ಬರುತ್ತಿರಬಹುದು. ಊಹಿಸಬೇಡಿ, ಪರೀಕ್ಷಿಸಿ. 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಸಂದಿಲ್ಲದಂತೆ ಟೇಪ್ ಒತ್ತಿ. 24 ಗಂಟೆ ಬಿಟ್ಟು ಮೊದಲು ಹಾಳೆಯ ಮೇಲ್ಮೈಯನ್ನು ಬೆರಳಿಂದ ಸವರಿ ನೋಡಿ. ಒದ್ದೆಯಿದ್ದರೆ ಗಾಳಿಯ ನೀರು. ಆಮೇಲೆ ಒಂದು ಮೂಲೆ ಎತ್ತಿ. ಅಡಿಯಲ್ಲಿ ಸಣ್ಣ ಸಾಸಿವೆಯಂಥ ಹನಿಗಳು ಸಾಲಾಗಿ ಕೂತಿದ್ದರೆ, ಕಾಂಕ್ರೀಟು ಸುತ್ತಲಿಗಿಂತ ಗಾಢ ಬಣ್ಣಕ್ಕೆ ತಿರುಗಿದ್ದರೆ, ನೀರು ನೆಲದಿಂದ ಏರುತ್ತಿದೆ. ಆಗ ಮಾಡಬೇಕಾದ ಕೆಲಸ ಹೊರಗಿದೆ: ಚಾವಣಿ ನೀರಿನ ಪೈಪು, ಗೋಡೆಯ ಕಡೆಗೆ ಇಳಿಜಾರಾದ ಮಣ್ಣು, ಮುಚ್ಚಿಹೋದ ಚರಂಡಿ.

ನೀರು ಒಳಬರುವ ಮೂರನೆಯ ದಾರಿ ಕಾರೇ. ಮಳೆಯಲ್ಲೋ ಹಿಮದಲ್ಲೋ ಬಂದ ಕಾರು ಲೀಟರುಗಟ್ಟಲೆ ನೀರು ಹೊತ್ತು ತರುತ್ತದೆ. ಕೆಳಗೆ ನಿಂತ ನೀರನ್ನು ರಬ್ಬರ್ ವೈಪರಿನಿಂದ ಆಗಲೇ ಹೊರಗೆ ನೂಕಿ, ತಾನಾಗಿ ಆರಲಿ ಎಂದು ಬಿಡಬೇಡಿ.

ಇನ್ನು ಚಕ್ರ. ತೊಳೆಯದೆ ಎತ್ತಿಟ್ಟ ಚಕ್ರ ಎಂದೂ ಒಣಗುವುದಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಮಂಜುಗಡ್ಡೆ ಕರಗಿಸಲು ರಸ್ತೆಗೆ ಹಾಕುವ ಅಡುಗೆ ಉಪ್ಪು ಶೇ 75ರ ತೇವಾಂಶದಲ್ಲಿ ಗಾಳಿಯ ನೀರು ಹೀರಿ ತಾನೇ ಕರಗುತ್ತದೆ. ಅದೇ ಕೆಲಸಕ್ಕೆ ಹಾಕುವ ಮೆಗ್ನೀಷಿಯಂ ಕ್ಲೋರೈಡ್‌ಗೆ ಶೇ 33 ಸಾಕು. ಅಷ್ಟು ಒಣ ಗ್ಯಾರೇಜು ಸಿಗುವುದೇ ಅಪರೂಪ. ಉಪ್ಪಿನ ಪದರ ಕೂತ ಕಡೆ ವರ್ಷವಿಡೀ ತೆಳ್ಳಗೆ ಉಪ್ಪುನೀರು ಇರುತ್ತದೆ, ಕಲ್ಲೇಟು ಬಿದ್ದ ಅಲಾಯ್ ರಿಮ್ಮಿನ ವಾರ್ನಿಷಿನಡಿ ಬಿಳಿ ಎಳೆಗಳಂತೆ ಸವಕಳಿ ಹರಿಯುವುದು ಇದರಿಂದಲೇ. ಬೂಷ್ಟು ಕೂಡ ಬೆಳೆಯುವುದು ಹೆಚ್ಚಾಗಿ ರಬ್ಬರಿನ ಮೇಲಲ್ಲ, ಅದರ ಮೇಲೆ ಕೂತ ಧೂಳು, ಎಲೆಪುಡಿ, ರಸ್ತೆಯ ಜಿಡ್ಡಿನ ಮೇಲೆ. ತೊಳೆಯಲು ಆಮ್ಲವಿಲ್ಲದ ಶಾಂಪೂ, ಮೆತ್ತನೆ ಬ್ರಷ್ಷು. ಕಡ್ಡಿಗಳ ಹಿಂಬದಿ, ಬೋಲ್ಟಿನ ತೂತು, ಚಕ್ರದ ಸಮತೋಲಕ್ಕೆಂದು ಅಂಟಿಸಿದ ತೂಕದ ತುಂಡುಗಳ ಅಂಚು ಬಿಡಬೇಡಿ. ಟೈರಿನ ಗೀರುಗಳಲ್ಲಿ, ಅಂದರೆ ಟ್ರೆಡ್ಡಿನಲ್ಲಿ, ಸಿಕ್ಕ ಕಲ್ಲು ತೆಗೆಯಿರಿ. ಚಕ್ರವನ್ನು ನೆಟ್ಟಗೆ ನಿಲ್ಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ನಿಲ್ಲಿಸಿ. ರಿಮ್ಮಿನ ಒಳಮಡಿಕೆಯಲ್ಲಿ ಕೂತ ನೀರು ಆಗಲೇ ಇಳಿಯುವುದು. ನೆರಳಲ್ಲಿ ಪೂರ್ತಿ ಒಂದು ದಿನ ಒಣಗಲಿ. ಚೀಲದಲ್ಲಿಡುವುದು ತಪ್ಪಲ್ಲ, ಒದ್ದೆ ಚಕ್ರವನ್ನು ಚೀಲದಲ್ಲಿಡುವುದು ತಪ್ಪು.

ಎತ್ತಿಡುವ ಮೊದಲು ‘ಮುಂದೆ ಎಡ’, ‘ಹಿಂದೆ ಬಲ’ ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ರಿಮ್ಮಿನ ಜೊತೆಗಿರುವ ಟೈರಿಗೆ ಮಾಮೂಲಿಗಿಂತ ಅರ್ಧ ಬಾರ್, ಅಂದರೆ 7 ಪಿಎಸ್‌ಐ, ಹೆಚ್ಚು ಗಾಳಿ ತುಂಬಿ. ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮಾತ್ರ ದಾಟಬೇಡಿ. ತಿಂಗಳುಗಳಲ್ಲಿ ಅದು ತಾನಾಗಿ ಇಳಿಯುತ್ತದೆ, ಮತ್ತೆ ಹಾಕುವಾಗ ಸರಿಪಡಿಸಿ. ರಿಮ್ಮಿದ್ದರೆ ಮಲಗಿಸಿ ನಾಲ್ಕರವರೆಗೆ ಪೇರಿಸಬಹುದು, ತೂಗುಹಾಕಲೂಬಹುದು. ರಿಮ್ಮಿಲ್ಲದ ಬರೀ ಟೈರನ್ನು ನಿಲ್ಲಿಸಿಯೇ ಇಡಬೇಕು, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಬೇಕು. ಪೇರಿಯ ಕೆಳಗೆ ಪ್ಲಾಸ್ಟಿಕ್ ಪ್ಯಾಲೆಟ್ ಇರಲಿ, ನೆಲದಿಂದಲೂ ಗೋಡೆಯಿಂದಲೂ 10 ಸೆಂಟಿಮೀಟರ್ ಅಂತರ ಬಿಡಿ. ರಟ್ಟು ಹಾಸಬೇಡಿ, ರಟ್ಟು ಎಂದರೆ ಬೂಷ್ಟಿಗೆ ಊಟ. ವೆಲ್ಡಿಂಗ್ ಯಂತ್ರ, ಕಂಪ್ರೆಸರ್ ಮೋಟಾರುಗಳ ಪಕ್ಕದಲ್ಲೂ ಬೇಡ, ಅವುಗಳ ಕಿಡಿಯಿಂದ ಬರುವ ಓಝೋನ್ ರಬ್ಬರನ್ನು ಸೀಳುತ್ತದೆ.

ತೇವ ಹೀರುವ ಯಂತ್ರ ಕೊಳ್ಳುವುದಾದರೆ ಗ್ಯಾರೇಜಿನ ಚಳಿ ನೋಡಿ ಕೊಳ್ಳಿ. ಕಂಪ್ರೆಸರ್ ಬಗೆಯದು 15 ಡಿಗ್ರಿಗಿಂತ ಕೆಳಗೆ ಸೋಲತೊಡಗುತ್ತದೆ, ಸುರುಳಿಗೆ ಹಿಮ ಕಟ್ಟುತ್ತದೆ. ತಣ್ಣನೆಯ ಜಾಗಕ್ಕೆ ಹೀರುಪುಡಿಯ ಚಕ್ರವಿರುವ ಡೆಸಿಕೆಂಟ್ ಬಗೆಯೇ ಸರಿ. ಗುರಿ ಶೇ 60. ತೇವ ಹೀರಲೆಂದು ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡೀ ಗ್ಯಾರೇಜಿಗೆ ಏನೂ ಮಾಡದು. ಅದರ ದ್ರವ ಚೆಲ್ಲಿದರೆ ರಿಮ್ಮು ತಿನ್ನುತ್ತದೆ, ಆದ್ದರಿಂದ ಚಕ್ರಗಳ ಮೇಲಿನ ಶೆಲ್ಫಿನಲ್ಲಿ ಇಡಲೇಬೇಡಿ. ತೇವಾಂಶ ಅಳೆಯುವ ಹೈಗ್ರೋಮೀಟರನ್ನೂ ನಂಬುವ ಮುಂಚೆ ಪರೀಕ್ಷಿಸಿ: ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ, ಮೀಟರಿನ ಜೊತೆ ಬಿಗಿ ಡಬ್ಬಿಯಲ್ಲಿ 12 ಗಂಟೆ ಬಿಡಿ. ಶೇ 75 ತೋರಿಸಬೇಕು. 80 ತೋರಿಸಿದರೆ ಇನ್ನುಮುಂದೆ 5 ಕಳೆದು ಓದಿ.

ಈಗಾಗಲೇ ಬಂದ ಬೂಷ್ಟನ್ನು ಒಣಗಿದ್ದಾಗ ಉಜ್ಜಬೇಡಿ, ಬೀಜಕಣ ಗ್ಯಾರೇಜಿಡೀ ಹಾರುತ್ತದೆ. ಎನ್95 ಮಾಸ್ಕ್ ಹಾಕಿ, ಸೋಪುನೀರು ಸಿಂಪಡಿಸಿ, ಹೊರಗೆ ಒಯ್ದು ತೊಳೆಯಿರಿ. ಬ್ಲೀಚ್ ಬೇಡ. ಆಮ್ಲವಿರುವ ರಿಮ್ ಕ್ಲೀನರಿನ ಜೊತೆ ಅದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ.

ತೊಳೆಯುವ ಮೊದಲು ಅದು ಬೂಷ್ಟೇ ಹೌದೋ ನೋಡಿ. ನಯವಾದ ತುಪ್ಪುಳಿನ ದುಂಡು ಮಚ್ಚೆಗಳಾಗಿ ಬೆರಳಿಗೆ ಪುಡಿ ಹತ್ತಿದರೆ ಬೂಷ್ಟು. ಟೈರಿನ ಪಕ್ಕೆಯಿಡೀ ಒಂದೇ ಸಮನೆ ಕಂದು ಛಾಯೆ ಇದ್ದರೆ ಅದು ರಬ್ಬರಿನೊಳಗಿಂದ ಹೊರಬಂದ ರಕ್ಷಕ ವಸ್ತು, ಓಝೋನ್ ತಡೆಯಲೆಂದೇ ಬೆರೆಸಿದ್ದು. ಅದನ್ನು ತಿಕ್ಕಿ ತೆಗೆಯುವವರು ಟೈರಿನ ಆಯುಸ್ಸನ್ನೇ ತಿಕ್ಕುತ್ತಿರುತ್ತಾರೆ.

ಆಯುಸ್ಸಿನ ಮಾತು ಬಂದಿದ್ದರಿಂದ, ಪ್ರಶ್ನೆಯಲ್ಲಿ ಇರದಿದ್ದರೂ ಒಂದು ವಿಷಯ. ಎತ್ತಿಟ್ಟ ತಿಂಗಳುಗಳಲ್ಲೂ ಟೈರಿಗೆ ವಯಸ್ಸಾಗುತ್ತದೆ. ಪಕ್ಕೆಯ ಮೇಲೆ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಈ ನಾಲ್ಕು ಅಂಕಿ ಕೆಲವೊಮ್ಮೆ ಒಂದೇ ಪಕ್ಕೆಯಲ್ಲಿರುತ್ತವೆ, ಅದು ಕಾರಿನ ಒಳಬದಿಗೆ ಬಂದರೆ ಚಕ್ರ ಬಿಚ್ಚದೆ ಕಾಣುವುದಿಲ್ಲ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ನೋಡುತ್ತ ಕೂರಬೇಡಿ. ಹತ್ತು ವರ್ಷ ದಾಟಿದ್ದನ್ನು, ಟ್ರೆಡ್ ಎಷ್ಟೇ ಉಳಿದಿರಲಿ, ಕಾರಿಗೆ ಹಾಕಬೇಡಿ. ಆರನೇ ವರ್ಷದಿಂದ ಪ್ರತಿ ಸಲ ಎತ್ತಿಡುವಾಗ ಪಕ್ಕೆಯನ್ನು ಬೆರಳಲ್ಲಿ ಒತ್ತಿ ಬಾಗಿಸಿ, ಕೂದಲೆಳೆಯ ಬಿರುಕು ಬಾಯಿ ತೆರೆಯುತ್ತದೆಯೇ ನೋಡಿ. ಚಕ್ರಗಳು ತೊಳೆದು ಒಣಗಿ ಎದುರಿಗಿರುವ ಆ ದಿನವೇ ಇದಕ್ಕೆ ಸರಿಯಾದ ಹೊತ್ತು.