‘ಸಂತರು’ ಅಂದರೆ ಮೀಸಲಾದವರು: ಪೌಲನ ಪತ್ರ ಓದುವವರಿಗೆ ಒಂದು ಟಿಪ್ಪಣಿ

ನಮ್ಮ ಬಳ್ಳಾರಿ ಸೀಮೆಯಲ್ಲಿ ‘ಸಂತ’ ಅಂದ ಕೂಡಲೇ ಯಾರೋ ಒಬ್ಬ ದೊಡ್ಡವರು ಕಣ್ಣ ಮುಂದೆ ಬರುತ್ತಾರೆ. ಚರ್ಚಿಗೆ ಹೋಗುವವರಿಗೆ ಬಾಲ ಯೇಸುವನ್ನು ಎತ್ತಿಕೊಂಡ ಅಂತೋಣಿ, ಕೊಪ್ಪಳದ ಕಡೆಯವರಿಗೆ ಮಠದ ಅಜ್ಜಾರು. ಅದೇ ಚಿತ್ರ ಇಟ್ಟುಕೊಂಡು ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳನ್ನು ಓದಲು ಕೂತಾಗ ನಾನು ಎಡವಿದ್ದು 1 ಕೊರಿಂಥ 1:2ರಲ್ಲಿ, ಅಂದರೆ ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರದ 1ನೇ ಅಧ್ಯಾಯ, 2ನೇ ವಚನದಲ್ಲಿ. ಅಲ್ಲಿ ಅವನು ಇಡೀ ಸಭೆಯನ್ನೇ ಸಂತರು ಅನ್ನುತ್ತಾನೆ. ಅವರು ಎಂಥವರು? 5ನೇ ಅಧ್ಯಾಯದಲ್ಲಿ ಒಬ್ಬ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದಾನೆ. 6ರಲ್ಲಿ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದಾರೆ. 11ರಲ್ಲಿ ಪ್ರಭುಭೋಜನಕ್ಕೆ ಕೂತಾಗ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಅಮಲೇರಿಸಿಕೊಂಡಿದ್ದಾನೆ.

ಗಂಟು ಬಿಚ್ಚುವುದು ಪದದಲ್ಲಿ. ಗ್ರೀಕಿನ ‘ಹಾಗಿಯೊಸ್’ ಹಿಂದೆ ಹೀಬ್ರೂವಿನ ‘ಕಾದೋಶ್’ ಇದೆ. ದೇವರಿಗಾಗಿ ಬೇರೆ ಇಟ್ಟದ್ದು ಎಂಬ ಅರ್ಥ ಮೊದಲು, ನಡತೆಯ ಮಾತು ಆಮೇಲೆ. ವಿಮೋಚನಕಾಂಡ 3:5ರಲ್ಲಿ ಮೋಶೆ ಕೆರ ಕಳಚಿದ ನೆಲ ಪವಿತ್ರ. ಆ ಮಣ್ಣು ಯಾವ ಪುಣ್ಯವನ್ನೂ ಮಾಡಿರಲಿಲ್ಲ, ದೇವರು ಅಲ್ಲಿಗೆ ಬಂದಿದ್ದ, ಅಷ್ಟೇ. ಇದಕ್ಕೆ ಕನ್ನಡದಲ್ಲಿ ಸಿದ್ಧ ಪದ ಇದೆ: ಮೀಸಲು.

ರಾಯಚೂರು ಕಡೆಯ ನಮ್ಮ ಅಜ್ಜಿ ಸುಗ್ಗಿ ಮುಗಿದ ಮೇಲೆ ಬೀಜಕ್ಕೆಂದು ಜೋಳದ ತೆನೆ ಆರಿಸಿ, ಗೊಂಚಲು ಕಟ್ಟಿ, ಅಡುಗೆಮನೆಯ ಜಂತಿಗೆ ತೂಗುಹಾಕುತ್ತಿದ್ದಳು. ಹೊಗೆ ಹಿಡಿದು ಕಪ್ಪಾಗುತ್ತಿತ್ತು, ಹುಳ ಹತ್ತುತ್ತಿರಲಿಲ್ಲ. ಮನೆಯಲ್ಲಿ ಜೋಳ ತೀರಿ ಸಾಲ ತಂದರೂ ಆ ಗೊಂಚಲಿಗೆ ಕೈ ಹಚ್ಚಗೊಡುತ್ತಿರಲಿಲ್ಲ. “ಅದು ಹೊಲದ್ದೈತಿ, ನಮ್ದಲ್ಲ” ಅನ್ನುತ್ತಿದ್ದಳು. ಕಾದೋಶ್ ಅಂದರೆ ನನಗೆ ಆ ಗೊಂಚಲು. ಒಂದು ಕಡೆ ಮಾತ್ರ ಹೋಲಿಕೆ ಸರಿಹೋಗದು: ಅಜ್ಜಿ ದಪ್ಪ ತೆನೆ ನೋಡಿ ಆರಿಸುತ್ತಿದ್ದಳು. ಧರ್ಮೋಪದೇಶಕಾಂಡ 7:7ರಲ್ಲಿ ದೇವರು ಆರಿಸಿದ್ದು ಎಲ್ಲರಿಗಿಂತ ಚಿಕ್ಕ ಜನಾಂಗವಾದ ಇಸ್ರಾಯೇಲನ್ನು, ಪ್ರೀತಿಯಿಂದ.

ಹಾಗಂತ ನಡತೆ ಹೇಗಿದ್ದರೂ ನಡೆಯುತ್ತದೆಯೇ? ಇಲ್ಲ. ನಾನು ಪವಿತ್ರನಾಗಿರುವುದರಿಂದ ನೀವೂ ಪವಿತ್ರರಾಗಿರಬೇಕು ಎಂಬ ದೇವರ ಮಾತು ಬರುವುದು ಯಾಜಕಕಾಂಡ 19ರಲ್ಲಿ. 1 ಪೇತ್ರ 1:16 ಎತ್ತಿಕೊಳ್ಳುವುದೂ ಅದನ್ನೇ. ಆ ಅಧ್ಯಾಯವನ್ನು ನಿಧಾನ ಓದಿ. ಹೊಲದ ಅಂಚು ಕೊಯ್ಯಬೇಡ, ಹಕ್ಕಲು ಬಡವರಿಗೆ ಬಿಡು. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ತೂಕದ ಕಲ್ಲು ಸರಿಯಿರಲಿ. ಹತ್ತಿ ಬಿಡಿಸಲು, ಭತ್ತ ನಾಟಲು ಆಳು ಕರೆಯುವ ನಮ್ಮ ಊರುಗಳಲ್ಲಿ ಇದಕ್ಕಿಂತ ಹತ್ತಿರದ ಪಾಠ ನನಗೆ ಸಿಕ್ಕಿಲ್ಲ. ಪವಿತ್ರತೆಯನ್ನು ಬರೀ ಉಪವಾಸ, ಜಪಗಳಲ್ಲಿ ಹುಡುಕುವವರು ಈ ಅಧ್ಯಾಯವನ್ನು ದಾಟಿ ಹೋಗುತ್ತಾರೆ ಎಂಬುದು ನನ್ನ ಸಂಕಟ.

ಹಳೆಯ ಕನ್ನಡ ಸತ್ಯವೇದ ಪೌಲನ ಈ ಪದವನ್ನು ಹಲವು ಕಡೆ ‘ದೇವಜನರು’ ಎಂದು ಕನ್ನಡಿಸುತ್ತದೆ. ಒಳ್ಳೆಯ ಆಯ್ಕೆ, ಬಹುವಚನ ಕಿವಿಗೆ ಬೀಳುತ್ತದೆ. (1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ದುಡಿದದ್ದು ನಮ್ಮೂರಿನಲ್ಲೇ ಎಂಬುದು ನೆನಪಿರಲಿ.)

ಹಾಗಾದರೆ ಹೆಸರಿನ ಹಿಂದೆ ‘ಸಂತ’ ಬಂದದ್ದು ಹೇಗೆ? ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ ಸಮಾಧಿಯ ಬಳಿ ವರ್ಷಕ್ಕೊಮ್ಮೆ ಸೇರುವ ರೂಢಿಯಿಂದ. ಪೋಪರೇ ಒಬ್ಬರನ್ನು ಸಂತರೆಂದು ಘೋಷಿಸಿದ ಮೊದಲ ದಾಖಲೆ 993ರದ್ದು, ಜರ್ಮನಿಯ ಆಗ್ಸ್‌ಬರ್ಗಿನ ಬಿಷಪ್ ಉಲ್ರಿಕ್ ಅವರದು. ಅಂತೋಣಿ 1231ರ ಜೂನ್ 13ರಂದು ತೀರಿಕೊಂಡು ವರ್ಷ ತುಂಬುವ ಮೊದಲೇ ಸಂತರಾದರು. 1752ರಲ್ಲಿ ವಿಶ್ವಾಸಕ್ಕಾಗಿ ಕೊಲ್ಲಲ್ಪಟ್ಟ ತಿರುವಾಂಕೂರಿನ ದೇವಸಹಾಯಂ ಪಿಳ್ಳೈ ಅವರಿಗೆ 2022 ಬರಬೇಕಾಯಿತು. ಕಥೋಲಿಕ ಧರ್ಮಸಭೆ ಹೇಳುವುದು, ನಾವು ಅವರನ್ನು ಸಂತರನ್ನಾಗಿ ಮಾಡುವುದಿಲ್ಲ, ಗುರುತಿಸುತ್ತೇವೆ ಎಂದು.

ಜಗಳ ಇರುವುದು, ನಮಗಾಗಿ ಪ್ರಾರ್ಥಿಸಿ ಎಂದು ಈ ಸಂತರನ್ನು ಬೇಡುವ ವಿಷಯದಲ್ಲಿ. ಪ್ರಾಟೆಸ್ಟಂಟರು 1 ತಿಮೊಥೆಯ 2:5 ತೋರಿಸುತ್ತಾರೆ: ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಒಬ್ಬನೇ, ಯೇಸು. ಕಥೋಲಿಕರು ಪ್ರಕಟನೆ 5:8 ತೋರಿಸುತ್ತಾರೆ: ಸಂತರ ಪ್ರಾರ್ಥನೆಗಳು ಚಿನ್ನದ ಬಟ್ಟಲಲ್ಲಿ ಧೂಪವಾಗಿವೆ. ಆರಾಧನೆ ಮಾತ್ರ ದೇವರೊಬ್ಬನಿಗೇ, ಸಂತರಿಗೆ ಗೌರವ ಎಂದೂ ಅವರು ಹೇಳುತ್ತಾರೆ. ಎರಡೂ ವಚನಗಳನ್ನು ಅವುಗಳ ಅಧ್ಯಾಯದಲ್ಲೇ ಇಟ್ಟು ಓದಿ, ಕಿತ್ತು ತಂದು ವಾದಕ್ಕೆ ಕೂಡಬೇಡಿ.

ನನ್ನ ಮನಸ್ಸು ನಿಂತದ್ದು ಫಿಲಿಪ್ಪಿ 4:22ರಲ್ಲಿ. ಸೆರೆಯಲ್ಲಿದ್ದ ಪೌಲ, ಸಂತರೆಲ್ಲರೂ, ಅದರಲ್ಲೂ ಕೈಸರನ ಮನೆಗೆ ಸೇರಿದವರು, ನಿಮಗೆ ವಂದನೆ ಹೇಳುತ್ತಾರೆ ಎಂದು ಬರೆಯುತ್ತಾನೆ. ಚಕ್ರವರ್ತಿಯ ಮನೆತನದ ಆಳುಕಾಳುಗಳು, ಗುಲಾಮರು ಇದ್ದಿರಬೇಕು. ಒಬ್ಬರ ಹೆಸರನ್ನೂ ಅವನು ಬರೆದಿಲ್ಲ. ನವೆಂಬರ್ 1ರ ಸಕಲ ಸಂತರ ಹಬ್ಬದಲ್ಲಿ ನಾನು ನೆನೆಯುವುದು ಅವರನ್ನು.