ಸಹಾಯ ಬೇಕಾದವರು ಬಾಗಿಲು ತಟ್ಟುವುದಿಲ್ಲ

ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರ್‌ನಲ್ಲಿ ಎಡವುವವರಲ್ಲಿ ಕಾಲೇಜಿನಲ್ಲಿ ಒಳ್ಳೆಯ ಅಂಕ ತೆಗೆದವರೂ ಇರುತ್ತಾರೆ. ವಿದ್ಯಾರ್ಥಿ ಸಲಹೆಗಾರ್ತಿಯಾಗಿ ಇಂಥವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮನೆಯವರು ‘ಓದೋದೇ ಬಿಟ್ಟಿದ್ದಾನೆ’ ಅಂತಾರೆ. ಮೇಷ್ಟ್ರು ‘ತಳಪಾಯ ಗಟ್ಟಿಯಿಲ್ಲ’ ಅಂತಾರೆ. ಎಷ್ಟೋ ಸಲ ಎರಡೂ ನಿಜವಲ್ಲ. ಹುಡುಗ ಓದುತ್ತಲೇ ಇರುತ್ತಾನೆ. ಆದರೆ ಕಾಲೇಜಿನಲ್ಲಿ ಓದಿದ ಹಾಗೇ ಓದುತ್ತಿರುತ್ತಾನೆ.

ಕಾಲೇಜಿನಲ್ಲಿ ದಿನವನ್ನು ಬೇರೆಯವರು ಹಂಚಿಕೊಡುತ್ತಾರೆ. ಯಾವ ಪಾಠ ಮುಖ್ಯ ಅಂತ ಯಾರಾದರೂ ಹೇಳುತ್ತಾರೆ, ನೋಟ್ಸ್ ಕೊಡುತ್ತಾರೆ, ತಪ್ಪಿದರೆ ಕರೆದು ಕೇಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ಈ ಕೆಲಸವೆಲ್ಲ ವಿದ್ಯಾರ್ಥಿಯ ಹೆಗಲಿಗೆ ಬರುತ್ತದೆ. ಬಂದಿದೆ ಅಂತ ಅವರಿಗೆ ಹೇಳುವವರೇ ಇರುವುದಿಲ್ಲ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುವಂತಿದೆ. ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಕೆಲಸ. ಒಟ್ಟು 1,500ರಿಂದ 1,800 ಗಂಟೆ. ಇದರಲ್ಲಿ ತರಗತಿಯೂ ಸೇರಿದೆ, ಒಬ್ಬರೇ ಕೂತು ಓದುವುದು ಬರೆಯುವುದೂ ಸೇರಿದೆ.

ನನ್ನ ಬಳಿ ಬಂದವರಿಗೆ ಮೊದಲು ಟೈಮ್‌ಟೇಬಲ್ ತೆಗೆಯಲು ಹೇಳುತ್ತೇನೆ. ಖಾಲಿ ಇರುವ ಹೊತ್ತನ್ನು ತೋರಿಸಿ ‘ಇಲ್ಲೇನು?’ ಅಂದರೆ ‘ಫ್ರೀ’ ಅನ್ನುತ್ತಾರೆ. ಅಲ್ಲೇ ಕೂತು ಇಬ್ಬರೂ ಅದನ್ನು ತುಂಬಿಸುತ್ತೇವೆ. ಬರೀ ‘ಓದು’ ಅಂತ ಬರೆಯಲು ಬಿಡುವುದಿಲ್ಲ. ಸೋಮವಾರ 10 ಗಂಟೆಗೆ ಲೆಕ್ಚರ್ ಇದ್ದರೆ, 11ಕ್ಕೆ ಲೈಬ್ರರಿಯಲ್ಲಿ ಕೂತು ನೋಟ್ಸ್ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಬೇಕು. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಬೇಕು. ಆ ಬಣ್ಣ ಜಾಸ್ತಿ ಇರುವ ಕಡೆಯೇ ಮುಂದಿನ ಓದು.

ಮುಚ್ಚಿಟ್ಟು ಬರೆಯಿರಿ ಅಂತ ಸುಮ್ನೆ ಹೇಳುವುದಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ನೋಡಿದರೆ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದೆ ಬಂದಿದ್ದರು. ಓದಿದ ಕೂಡಲೇ ಎಲ್ಲ ಬಂದಂತೆ ಅನಿಸುತ್ತದೆ, ಅಲ್ವಾ? ಮಕ್ಕಳು ಮೋಸ ಹೋಗುವುದು ಅಲ್ಲೇ.

ಟೈಮ್‌ಟೇಬಲ್ ಸರಿಮಾಡುವುದು ಸುಲಭ. ನಾಚಿಕೆ ಬಿಡಿಸುವುದು ಕಷ್ಟ. ‘ಉಳಿದವರಿಗೆಲ್ಲ ಅರ್ಥವಾಗ್ತಿದೆ, ನನಗೊಬ್ಬಳಿಗೇ ಆಗ್ತಿಲ್ಲ’ ಅಂತ ಒಳಗೊಳಗೇ ಕೊರಗುವ ಹುಡುಗಿ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಅದಕ್ಕೇ ಪದೇ ಪದೇ ನೆನೆಯುತ್ತೇನೆ. ಮೊದಲ ವರ್ಷದವರಿಗೆ ಸುಮಾರು ಒಂದು ಗಂಟೆಯ ಚಟುವಟಿಕೆ, ಅಷ್ಟೇ. ‘ಇದು ನನ್ನ ಜಾಗವಲ್ಲ’ ಅನ್ನುವ ಅಳುಕು ಎಲ್ಲರಿಗೂ ಇರುತ್ತದೆ, ದಿನ ಕಳೆದಂತೆ ಹೋಗುತ್ತದೆ ಅಂತ ಸೀನಿಯರ್‌ಗಳ ಅನುಭವದ ಮೂಲಕ ತಿಳಿಸಿದರು. ಕಪ್ಪು ಜನಾಂಗದ ವಿದ್ಯಾರ್ಥಿಗಳ ಅಂಕಗಳಲ್ಲಿ ಅದರ ಫಲ ಮೂರು ವರ್ಷದವರೆಗೂ ಕಂಡಿತು. ಅಮೆರಿಕದಲ್ಲಿ ಎರಡು ವರ್ಷದ ಕಾಲೇಜು ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋದವರ ಅಂಕ ಮೊದಲು ಕುಸಿಯುವುದನ್ನು 1965ರಲ್ಲೇ ಸಂಶೋಧಕ ಜಾನ್ ಹಿಲ್ಸ್ ‘ಟ್ರಾನ್ಸ್‌ಫರ್ ಶಾಕ್’ ಅಂತ ಕರೆದಿದ್ದರು. ಹಾಗೆ ಕುಸಿದವರಲ್ಲಿ ಬಹಳ ಮಂದಿ ಆಮೇಲೆ ಚೇತರಿಸಿಕೊಂಡರು. ಈ ಮಾತು ಮಕ್ಕಳಿಗೆ ಮೊದಲ ವಾರದಲ್ಲೇ ತಿಳಿಯಬೇಕು. ಫಲಿತಾಂಶ ಬಂದ ಮೇಲೆ ಹೇಳಿದರೆ ಬರೀ ಸಮಾಧಾನದ ಮಾತಾಗುತ್ತದೆ.

ವಿಶ್ವವಿದ್ಯಾಲಯಗಳು ಇಲ್ಲೇ ಎಡವುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಮೊದಲ ದಿನ ಒಂದು ದೊಡ್ಡ ಕಾರ್ಯಕ್ರಮ, ಕೈತುಂಬ ಕರಪತ್ರ, ‘ತೊಂದರೆಯಾದರೆ ಬನ್ನಿ’ ಅನ್ನುವ ಆಹ್ವಾನ. ಆಹ್ವಾನ ನಂಬಿ ಬರುವವರು ಸಾಮಾನ್ಯವಾಗಿ ಹೇಗೋ ದಡ ಸೇರುವವರೇ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್‌ನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಬೇರೆ ದಾರಿ ಹಿಡಿದರು. ‘ದಡ್ಡ ವಿದ್ಯಾರ್ಥಿ ಯಾರು’ ಅಂತ ಹುಡುಕಲು ಹೋಗಲಿಲ್ಲ, ಹೆಚ್ಚು ಜನ ಫೇಲಾಗುವ ವಿಷಯ ಯಾವುದು ಅಂತ ನೋಡಿದರು. ಆ ವಿಷಯ ಓದಿ ಗೆದ್ದ ಸೀನಿಯರ್ ಮತ್ತೆ ಅದೇ ತರಗತಿಯಲ್ಲಿ ಕೂತು, ಆಮೇಲೆ ಗುಂಪು ಕಟ್ಟಿಕೊಂಡು ಚರ್ಚೆ ನಡೆಸುವ ಪದ್ಧತಿ ಅದು. ತರಗತಿಯ ಯಾರು ಬೇಕಾದರೂ ಬರಬಹುದಾದ್ದರಿಂದ ಯಾರ ಹಣೆಗೂ ಪಟ್ಟಿ ಅಂಟುವುದಿಲ್ಲ.

ಇಷ್ಟು ಏರ್ಪಾಡು ಮಾಡಲು ಆಗದಿದ್ದರೆ, ಮೂರನೇ ವಾರದಲ್ಲಿ ಎರಡೇ ಪುಟದ ಒಂದು ಅಸೈನ್‌ಮೆಂಟ್ ಇಡಿ. ಅಂಕ ಕಡಿಮೆ ಇರಲಿ, ಆದರೆ ತಿದ್ದಿ ಒಂದು ವಾರದೊಳಗೆ ವಾಪಸ್ ಕೊಡಿ. ಕೊಡದೇ ಇದ್ದವರಿಗೆ ಫೋನ್ ಮಾಡಿ. ‘ಯಾಕೆ ಕೊಟ್ಟಿಲ್ಲ?’ ಅಂತ ಶುರುಮಾಡಿದರೆ ‘ಹುಷಾರಿರಲಿಲ್ಲ ಮೇಡಂ’ ಅನ್ನುವ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ಪ್ರಶ್ನೆಯಲ್ಲಿ ಏನು ಕೇಳಿದ್ದಾರೆ ಅನ್ನೋದು ಗೊತ್ತಾಯ್ತಾ? ಎಷ್ಟು ಬರೆದು ನಿಲ್ಲಿಸಿದೆ?’ ಅಂತ ಕೇಳಿ. ಅರ್ಧ ಪುಟ ಬರೆದಿದ್ದರೆ ಅದನ್ನೇ ಹಿಡಿದುಕೊಂಡು ನಾಳೆ ಬಾ ಅನ್ನಿ, ಎಷ್ಟು ಗಂಟೆಗೆ ಅಂತಲೂ ಹೇಳಿ.