ಅಗ್ಗದ ಫ್ಲ್ಯಾಟು, ದುಬಾರಿ ಸೆಕೆ

ಕಡಿಮೆ ಬಜೆಟ್ಟಿನ ಅಪಾರ್ಟ್‌ಮೆಂಟ್ ಕಟ್ಟಿಸುವವರ ಹತ್ತಿರ ಗ್ರೀನ್ ಬಿಲ್ಡಿಂಗ್ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಸೋಲಾರ್ ಪ್ಯಾನೆಲ್ಲಿನದು. ಪ್ಯಾನೆಲ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಐದು ವರ್ಷ ಬಿಟ್ಟೂ ಹಾಕಿಸಬಹುದು. ಗೋಡೆ, ಕಿಟಕಿ, ತಾರಸಿ ಹಾಗಲ್ಲ, ಕಟ್ಟಿದರೆ ಮುಗೀತು. ಮೊದಲ ದುಡ್ಡು ಅವಕ್ಕೇ ಹೋಗಬೇಕು.

ಇಂಥ ಕಟ್ಟಡಗಳಲ್ಲಿ ಈಗ ಗೋಡೆಯನ್ನೂ ಕಾಂಕ್ರೀಟಿನಲ್ಲೇ ಹಾಕುವುದು ಜಾಸ್ತಿ. ಸೈಟಿನಲ್ಲಿ ಇದಕ್ಕೆ ಮೈವಾನ್ ಅಂತಾರೆ. ಕೆಲಸ ಬೇಗ ಮುಗಿಯುತ್ತದೆ, ಗೋಡೆಯೂ ಗಟ್ಟಿ. ಆದರೆ ಬಿಸಿಲಿನ ಕಾವು ಸಲೀಸಾಗಿ ಒಳಗೆ ದಾಟುತ್ತದೆ. ಅಷ್ಟೇ ದಪ್ಪದ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ, ಒಳಗೆ ಬಿಡುವ ಶಾಖ ಇದಕ್ಕಿಂತ ಎಷ್ಟೋ ಕಡಿಮೆ. ಕಲಬುರಗಿ, ರಾಯಚೂರಿನಂಥ ಕಡೆ ಪಶ್ಚಿಮದ ಕಾಂಕ್ರೀಟ್ ಗೋಡೆ ಮಧ್ಯಾಹ್ನ ಕುಡಿದ ಬಿಸಿಯನ್ನು ಮಲಗುವ ಹೊತ್ತಿಗೆ ರೂಮಿನೊಳಗೆ ಬಿಡುತ್ತದೆ. ಮೈವಾನೇ ಆಗಬೇಕು ಅಂದರೆ ಮೆಟ್ಟಿಲು, ಲಿಫ್ಟು, ಬಚ್ಚಲುಗಳನ್ನು ಪಶ್ಚಿಮಕ್ಕೆ ತಳ್ಳಿ. ಕಿಟಕಿ ಮೇಲೆ ಅಗಲವಾದ ಸಜ್ಜಾ ಕೊಡಿ. ಹೊರಗೆ ತಿಳಿ ಬಣ್ಣ ಹೊಡೆಯಿರಿ.

ಇನ್ನು ಕೊನೆಯ ಮಹಡಿಯವರ ಪಾಡು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ವಸತಿ ಕಟ್ಟಡಗಳಿಗೆ ಮಾಡಿದ ‘ಇಕೋ ನಿವಾಸ್ ಸಂಹಿತಾ 2018’ರ ಪ್ರಕಾರ ತಾರಸಿಯ ಯು-ವ್ಯಾಲ್ಯೂ, ಅಂದರೆ ಶಾಖ ದಾಟುವ ಪ್ರಮಾಣ, 1.2 ಮೀರಬಾರದು. ಬರೀ ಆರ್‌ಸಿಸಿ ಸ್ಲ್ಯಾಬಿನಲ್ಲಿ ಅದು 3ರ ಮೇಲೇ ಇರುತ್ತದೆ. ಸ್ಲ್ಯಾಬಿನ ಮೇಲೆ ಇನ್ಸುಲೇಶನ್ ಶೀಟು, ಅದರ ಮೇಲೆ ಬಿಳಿ ಟೈಲ್ಸ್ ಹಾಕಿದರೆ ಮಿತಿಯೊಳಗೆ ತರಬಹುದು. ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಕೂಲ್ ರೂಫ್ ಪೇಂಟ್ ಬರೀ ಬಳಿದರೂ ಗುಣ ಗೊತ್ತಾಗುತ್ತದೆ. ಆದರೆ ಧೂಳು ಕೂತರೆ ಅದರ ಶಕ್ತಿ ಕುಂದುತ್ತದೆ, ತೊಳೆಯುತ್ತಿರಬೇಕು. ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ ನೀತಿ ತಂದಿದೆ.

ಕಿಟಕಿ ವಿಷಯದಲ್ಲಿ ನನಗೆ ತುಂಬ ಬೇಸರ. ಎಲ್ಲಿ ನೋಡಿದರೂ ಸ್ಲೈಡಿಂಗ್. ಎಷ್ಟು ಸರಿಸಿದರೂ ತೆರೆಯುವುದು ಅರ್ಧವೇ, ಅಲ್ವಾ? ಬಾಗಿಲಿನಂತೆ ತೆರೆಯುವ ಕಿಟಕಿ ಇಟ್ಟರೆ ಅದೇ ಅಳತೆಯಲ್ಲಿ ಸುಮಾರು ಎರಡು ಪಟ್ಟು ಗಾಳಿ ಬರುತ್ತದೆ. ಇದೆಲ್ಲ ಶ್ರೀಮಂತರ ಮನೆಗೆ ಮಾತ್ರ ಅನ್ನುವವರು ಗುಜರಾತಿನ ರಾಜಕೋಟ್ ನೋಡಬೇಕು. ಅಲ್ಲಿನ ‘ಸ್ಮಾರ್ಟ್ ಘರ್ 3’ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ವಸತಿ. ಸಾವಿರಕ್ಕೂ ಹೆಚ್ಚು ಮನೆಗಳಿವೆ. ಭಾರತ-ಸ್ವಿಸ್ ಸಹಯೋಗದಲ್ಲಿ ವಿನ್ಯಾಸ ಮಾಡುವಾಗ ಎಎಸಿ ಗೋಡೆ, ಚೆನ್ನಾಗಿ ತೆರೆಯುವ ಕಿಟಕಿ, ಡಕ್ಟ್ ಮೂಲಕ ಗಾಳಿ ಎಳೆಯುವ ವ್ಯವಸ್ಥೆಗಳನ್ನೇ ನೆಚ್ಚಿಕೊಂಡರು.

ಬಿಲ್ಡರ್ ಉಳಿಸಿದ ದುಡ್ಡನ್ನು ಮನೆಯವರು ಕರೆಂಟ್ ಬಿಲ್ಲಿನಲ್ಲಿ ತುಂಬುತ್ತಾರೆ. ಸಂಬಳದಲ್ಲಿ ಕಂತು ಕಟ್ಟುತ್ತಿರುವ ಕುಟುಂಬದ ಮೇಲೆ ಕೂಲರ್, ಎಸಿ ಖರ್ಚನ್ನೂ ಹೇರುವುದು ಅನ್ಯಾಯ.

ಈಗಾಗಲೇ ಕಟ್ಟಿಯಾಗಿದ್ದರೆ ತಾರಸಿಗೆ ಬಿಳಿ ಬಳಿಯಿರಿ, ಫ್ಯಾನ್ ಬದಲಿಸಿ. ಹಳೇ ಫ್ಯಾನ್ 75 ವ್ಯಾಟ್ ತಿಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ದಿನಕ್ಕೆ 12 ಗಂಟೆ ಓಡಿಸಿದರೆ ಒಂದು ಫ್ಯಾನಿಗೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ. ಪಂಪು, ಲಿಫ್ಟು, ಕಾಮನ್ ಲೈಟುಗಳ ಬಿಲ್ಲಿಗೆ ಸೋಲಾರ್ ಸರಿಯಾದ ಜೋಡಿ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಕಾಮನ್ ಬಳಕೆಗಾಗಿ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಮುಂದಿನ ಸಂಘದ ಸಭೆಯಲ್ಲೇ ಈ ವಿಷಯ ಎತ್ತಿ.